ಕಣ್ಣಿಗಿಟ್ಟ ಚುಕ್ಕಿ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ತಂಗಿಯ ಮಗ ಒಂದು ದೊಡ್ಡ ಫೋಟೋವನ್ನು ಸುರುಳಿ ಸುತ್ತಿ ತಂದು ನಮ್ಮ ಊಟದ ಮೇಜಿನ ಮೇಲೆ ಹರಡಿದ. ಅದು ಮತ್ತೆ ಸುತ್ತಿಕೊಳ್ಳದಿರಲೆಂದು ನಾಲ್ಕು ಮೂಲೆಗೆ ಉಪ್ಪಿನಕಾಯಿ ಭರಣಿ, ತುಪ್ಪದ ಪಾತ್ರೆ, ಎರಡು ಲೋಟ ಇಟ್ಟೆವು. ಭದ್ರಾ ಅಭಯಾರಣ್ಯದ ಲಕ್ಕವಳ್ಳಿ ಹಿನ್ನೀರಿನ ದಡದಲ್ಲಿ ನಿಂತ ಒಂಟಿ ಕಾಟಿಯ ಚಿತ್ರ. ಹೊಳೆಯುವ ಕಪ್ಪು ಮೈ, ಮೊಣಕಾಲಿನವರೆಗೆ ಬಿಳಿ ಕಾಲುಚೀಲ, ಬೆನ್ನ ಮೇಲೆ ಉಬ್ಬು. ಮುಖ ನೇರ ನಮ್ಮ ಕಡೆಗೆ.

“ಹೇಗಿದೆ ದೊಡ್ಡಮ್ಮ? ಸ್ಪರ್ಧೆಗೆ ಕಳಿಸ್ತಾ ಇದೀನಿ.”

“ಚೆನ್ನಾಗಿದೆ ಕಣೋ. ಆದರೆ ಈ ಕಣ್ಣು ಇದರದ್ದಲ್ಲ.”

ಹುಡುಗನ ಮುಖ ಕೆಂಪಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿಕೊಂಡ. ಫೋಟೋ ತೆಗೆದಾಗ ಬಿಸಿಲು ಏರಿತ್ತಂತೆ. ಹುಬ್ಬಿನ ಮೂಳೆಯ ನೆರಳು ಬಿದ್ದು ಕಣ್ಣಿದ್ದ ಕಡೆ ಎರಡು ತೂತು ಕಂಡಂತೆ ಕಂಡಿತಂತೆ. ಕಂಪ್ಯೂಟರಿನಲ್ಲಿ ಒಂದು ಬಿಳಿ ಚುಕ್ಕಿ ಮಾಡಿ, ಅದನ್ನೇ ತಿರುಗಿಸಿ ಇನ್ನೊಂದು ಕಣ್ಣಿಗೂ ಇಟ್ಟನಂತೆ. “ಕ್ಯಾಚ್‌ಲೈಟ್ ಅಂತಾರೆ ದೊಡ್ಡಮ್ಮ. ಅದಿಲ್ಲದಿದ್ರೆ ಪ್ರಾಣಿ ಸತ್ತ ಹಾಗೆ ಕಾಣುತ್ತೆ. ಎಷ್ಟೋ ಜನ ಹೀಗೆ ಮಾಡ್ತಾರೆ. ಆದರೆ ನಿಂಗೆ ಹೇಗೆ ಗೊತ್ತಾಯ್ತು?”

ನಾನು ಬಿ.ಎ., ಬಿ.ಎಡ್. ಮಾಡಿ ಮಕ್ಕಳಿಗೆ ಸಮಾಜ ಪಾಠ ಹೇಳುವವಳು. ಕ್ಯಾಮೆರಾ ಹಿಡಿದವಳಲ್ಲ. ಆದರೂ ಗೊತ್ತಾಗಲು ಕಾರಣವಿದೆ. ಆಕಾಶದಲ್ಲಿ ಸೂರ್ಯ ಒಬ್ಬನೇ. ಅವನು ಎಡಗಡೆ ಇದ್ದರೆ ಎರಡು ಕಣ್ಣಿನ ಚುಕ್ಕಿಯೂ ಎಡಗಡೆಗೇ ಕೂರಬೇಕು. ಈ ಕಾಟಿಯ ಚುಕ್ಕಿಗಳು ಎರಡೂ ಮೂಗಿನ ಕಡೆಗೆ ಒಂದನ್ನೊಂದು ನೋಡುತ್ತಿದ್ದವು. ಇಂಥದೇ ಎರಡು ಚುಕ್ಕಿಗಳನ್ನು ನಾನು ನಲವತ್ತೈದು ವರ್ಷಗಳಿಂದ ದಿನವೂ ನೋಡುತ್ತಾ ಬಂದಿದ್ದೇನೆ. ನಮ್ಮ ನಡುಮನೆಯ ಗೋಡೆಯ ಮೇಲಿರುವ ನನ್ನ ಅಮ್ಮನ ಫೋಟೋದಲ್ಲಿ.

ಅಮ್ಮ ಹೋದಾಗ ನನಗೆ ಎಂಟು ವರ್ಷ. 1979ನೇ ಇಸವಿ. ಅವಳದೊಂದು ಒಂಟಿ ಫೋಟೋ ಮನೆಯಲ್ಲಿರಲಿಲ್ಲ. ಚಿಕ್ಕಪ್ಪನ ಮದುವೆಯ ಗ್ರೂಪ್ ಫೋಟೋದಿಂದ ಅವಳ ಮುಖವನ್ನಷ್ಟೇ ತೆಗೆದು ದೊಡ್ಡದು ಮಾಡಿಸಿದರು. ಸ್ಟುಡಿಯೋದವರು ಬ್ರಷ್ಷಿನಲ್ಲಿ ಕೂದಲು ತಿದ್ದಿ, ಕುಂಕುಮ ಇಟ್ಟು, ಕಣ್ಣಿಗೆ ಕಪ್ಪು ತುಂಬಿ, ಅದರ ಮೇಲೆ ಎರಡು ಬಿಳಿ ಚುಕ್ಕಿ ಇಟ್ಟರು. ನೋಡಿದವರೆಲ್ಲ “ಜೀವ ಬಂದ ಹಾಗಿದೆ” ಎಂದರು. ನಾನೊಬ್ಬಳು “ಇದು ಅಮ್ಮ ಅಲ್ಲ” ಎಂದು ಹಠ ಹಿಡಿದು ಅಜ್ಜಿಯ ಕೈಲಿ ಬೈಸಿಕೊಂಡೆ. ಏಕೆ ಅಲ್ಲ ಎಂದು ಹೇಳಲು ಆಗ ನನಗೆ ತಿಳಿದಿರಲಿಲ್ಲ.

ಹುಡುಗ ಮುನಿಸಿಕೊಂಡು, ಎರಡನೇ ಸಲ ಅನ್ನವನ್ನೂ ಹಾಕಿಸಿಕೊಳ್ಳದೆ ಎದ್ದು ಹೋದ. ನನಗೂ ಮನಸ್ಸಿಗೆ ಪಿಚ್ಚೆನಿಸಿತು. ರಜೆಯ ದಿನಗಳು, ಬೇರೆ ಕೆಲಸವಿರಲಿಲ್ಲ. ಇತಿಹಾಸ ಪಾಠ ಮಾಡುವವರಿಗೆ ಒಂದು ಚಟ ಇರುತ್ತದೆ, ಯಾವುದನ್ನು ಕಂಡರೂ ಇದು ಎಲ್ಲಿಂದ ಶುರುವಾಯಿತು ಎಂದು ಕೇಳುವ ಚಟ. ಪ್ರಾಣಿಯ ಕಣ್ಣಿನ ಈ ಚುಕ್ಕಿಯ ಬೆನ್ನು ಹತ್ತಿದೆ.

ಮೊದಲು ಚುಕ್ಕಿ ಎಂದರೇನು ಎಂಬುದನ್ನು ಹೇಳಿಬಿಡುತ್ತೇನೆ. ಬೆಳಗಿದ ಸೌಟಿನ ಬೆನ್ನನ್ನು ಕಿಟಕಿಯ ಕಡೆ ಹಿಡಿದು ನೋಡಿ. ಇಡೀ ಕಿಟಕಿ ಪುಟ್ಟದಾಗಿ ಅದರಲ್ಲಿ ಕುಳಿತಿರುತ್ತದೆ. ಕಣ್ಣಿನ ಮುಂಭಾಗವೂ ಹಾಗೆಯೇ ಉಬ್ಬಿದ, ಒದ್ದೆಯಾದ ಕನ್ನಡಿ. ಎದುರಿಗೆ ಬೆಳಕೆಲ್ಲಿದೆಯೋ ಅದು ಅಲ್ಲಿ ಬಿಳಿ ಚುಕ್ಕಿಯಾಗುತ್ತದೆ. ಅಂದರೆ ಆ ಚುಕ್ಕಿ ಪ್ರಾಣಿಯದಲ್ಲ, ಅದರ ಎದುರಿಗಿದ್ದ ಲೋಕದ್ದು.

ಇದನ್ನು ಚಿತ್ರಕಾರರು ಕ್ಯಾಮೆರಾ ಬರುವುದಕ್ಕೆ ಎಷ್ಟೋ ಮೊದಲೇ ಅರಿತಿದ್ದರು. ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ 1502ರಲ್ಲಿ ಒಂದು ಮೊಲದ ಚಿತ್ರ ಬರೆದ. ಈಗ ಅದು ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹದಲ್ಲಿದೆ. ಒಂದೊಂದು ರೋಮವನ್ನೂ ಎಣಿಸಬಹುದಾದ ಆ ಚಿತ್ರದಲ್ಲಿ ಮೊಲದ ಕಣ್ಣನ್ನು ಹತ್ತಿರದಿಂದ ನೋಡಿದರೆ ಕಿಟಕಿಯೊಂದು ಅಡ್ಡಪಟ್ಟಿಗಳ ಸಮೇತ ಕಾಣುತ್ತದೆ! ಕಾಡಿನ ಮೊಲ ಮನೆಯೊಳಗಿತ್ತು ಎಂದು ಆ ಕಣ್ಣೇ ಸಾಕ್ಷಿ ಹೇಳುತ್ತಿದೆ. ನಮ್ಮಲ್ಲಿ ಶಿಲ್ಪಿ ವಿಗ್ರಹದ ಕಣ್ಣನ್ನು ಕೊನೆಗೆ ತೆರೆಯುತ್ತಾನೆ. ಕಣ್ಣು ಬಂದರೆ ಜೀವ ಬಂತು ಎಂಬ ನಂಬಿಕೆ ಎಲ್ಲ ದೇಶದಲ್ಲೂ ಒಂದೇ ಎಂದು ತೋರುತ್ತದೆ.

ಕ್ಯಾಮೆರಾದ ಕಥೆ ಮಾತ್ರ ಬೇಟೆಯಿಂದ ಶುರುವಾಯಿತು. ಅಮೆರಿಕದ ಜಾರ್ಜ್ ಶಿರಾಸ್ ಎಂಬವರು ಮಿಶಿಗನ್ ಕಡೆಯ ಸರೋವರಗಳಲ್ಲಿ ಜಿಂಕೆ ಬೇಟೆಯಾಡುತ್ತಿದ್ದವರು. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರದೊಂದು ಬೇಟೆಯ ಕ್ರಮವಿತ್ತು. ಇರುಳಿನಲ್ಲಿ ದೋಣಿಯ ಮುಂದೆ ಬೆಂಕಿ ಹೊತ್ತಿಸಿ, ಸದ್ದಿಲ್ಲದೆ ಸಾಗುವುದು. ನೀರು ಕುಡಿಯಲು ಬಂದ ಜಿಂಕೆ ಬೆಳಕಿನ ಕಡೆ ತಲೆ ಎತ್ತುತ್ತದೆ. ಕತ್ತಲೆಯಲ್ಲಿ ಎರಡು ಕಣ್ಣು ಕೆಂಡದಂತೆ ಹೊಳೆಯುತ್ತವೆ. ಬೇಟೆಗಾರ ಆ ಎರಡರ ನಡುವೆ ಗುರಿ ಇಡುತ್ತಾನೆ.

ಈ ಹೊಳಪು ಮೊದಲು ಹೇಳಿದ ಚುಕ್ಕಿಯಲ್ಲ. ಇದು ಬೇರೆ. ರಾತ್ರಿ ಬಸ್ಸಿನ ದೀಪಕ್ಕೆ ರಸ್ತೆಯ ಹಸುವಿನ ಕಣ್ಣು ಹಸಿರಾಗಿ ಉರಿಯುವುದನ್ನು ನೀವು ಕಂಡೇ ಇರುತ್ತೀರಿ. ಹಸು, ಜಿಂಕೆ, ಬೆಕ್ಕು, ಹುಲಿಗಳ ಕಣ್ಣಿನ ಹಿಂದೆ ಟಪೀಟಮ್ ಎಂಬ ಹೊಳೆಯುವ ಪದರವಿದೆ. ಒಳಗೆ ಹೋದ ಬೆಳಕನ್ನು ಅದು ಹಿಂದಕ್ಕೆ ಕಳಿಸಿ, ಕತ್ತಲಲ್ಲಿ ನೋಡಲು ಪ್ರಾಣಿಗೆ ಎರಡನೇ ಅವಕಾಶ ಕೊಡುತ್ತದೆ. ನಮಗೆ ಆ ಪದರ ಇಲ್ಲ. ಅದಕ್ಕೇ ಫ್ಲಾಶ್ ಹಾಕಿದರೆ ನಮ್ಮ ಕಣ್ಣು ಒಳಗಿನ ರಕ್ತದ ಬಣ್ಣಕ್ಕೆ ಕೆಂಪಾಗುತ್ತದೆ. ಬದುಕಲೆಂದು ಸಿಕ್ಕಿದ ಹೊಳಪೇ ಜಿಂಕೆಯ ಸಾವಿಗೆ ಗುರುತಾಯಿತು.

ಶಿರಾಸರು ಬಂದೂಕು ಕೆಳಗಿಟ್ಟು ಅದೇ ದೋಣಿಯಲ್ಲಿ, ಅದೇ ಕತ್ತಲಲ್ಲಿ ಕ್ಯಾಮೆರಾ ಹಿಡಿದರು. ಮೆಗ್ನೀಸಿಯಂ ಪುಡಿಯನ್ನು ಢಮ್ಮೆಂದು ಸಿಡಿಸಿ ಬೆಳಕು ಮಾಡುತ್ತಿದ್ದ ಕಾಲ ಅದು. 1906ರ ಜುಲೈಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ 74 ಚಿತ್ರಗಳನ್ನು ಒಂದೇ ಸಂಚಿಕೆಯಲ್ಲಿ ಅಚ್ಚು ಹಾಕಿತು. ಗಂಭೀರವಾದ ಭೂಗೋಳ ಪತ್ರಿಕೆ ಚಿತ್ರಪುಸ್ತಕವಾಯಿತಲ್ಲ ಎಂದು ಅದರ ಮಂಡಳಿಯ ಇಬ್ಬರು ಸದಸ್ಯರು ರಾಜೀನಾಮೆಯನ್ನೇ ಕೊಟ್ಟರು. ಆದರೆ ಓದುಗರು ಮೆಚ್ಚಿದರು. ಶಿರಾಸರು ಅಮೆರಿಕದ ಸಂಸತ್ತಿನಲ್ಲಿದ್ದಾಗ, 1904ರಲ್ಲಿ, ವಲಸೆ ಹಕ್ಕಿಗಳನ್ನು ಕಾಪಾಡುವ ಮಸೂದೆಯನ್ನೂ ಮಂಡಿಸಿದ್ದರು. ಗುರಿ ಇಡುತ್ತಿದ್ದ ಕಣ್ಣು ಕಾಯುವ ಕಣ್ಣಾಯಿತು.

ನಮ್ಮ ದೇಶದಲ್ಲಿ ಈ ದಾರಿ ತೆರೆದವರಲ್ಲಿ ಮುಖ್ಯರು ಎಫ್. ಡಬ್ಲ್ಯು. ಚಾಂಪಿಯನ್. ಬ್ರಿಟಿಷರ ಕಾಲದಲ್ಲಿ ಈಗಿನ ಉತ್ತರಾಖಂಡ, ಉತ್ತರ ಪ್ರದೇಶಗಳ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದವರು. ಹುಲಿ ಓಡಾಡುವ ದಾರಿಗೆ ಅಡ್ಡಲಾಗಿ ತಂತಿ ಎಳೆದು ಕ್ಯಾಮೆರಾಕ್ಕೆ ಕಟ್ಟುತ್ತಿದ್ದರು. ಹುಲಿ ತಂತಿಗೆ ತಾಗಿದರೆ ಅದೇ ತನ್ನ ಫೋಟೋ ತೆಗೆದುಕೊಂಡಂತೆ! 1927ರಲ್ಲಿ ಅವರ ಹುಲಿನಾಡಿನ ಪುಸ್ತಕ ಬಂತು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇಲ್ಲವೆಂಬುದನ್ನು ಅವರು ಆಗಲೇ ಗುರುತಿಸಿದ್ದರು. ಅದೇ ತಿಳಿವಳಿಕೆಯನ್ನು ಹಿಡಿದು 1990ರ ದಶಕದಲ್ಲಿ ನಮ್ಮ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ತಾವೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿಟ್ಟು ಹುಲಿಗಳ ಲೆಕ್ಕ ಹಾಕಿದರು. ಅಂಥ ಚಿತ್ರಗಳಲ್ಲಿ ಹುಲಿಯ ಕಣ್ಣು ಚೆಂದ ಕಾಣಬೇಕಿಲ್ಲ, ಪಟ್ಟೆ ಕಂಡರೆ ಸಾಕು.

ಈ ಕೆಲಸಕ್ಕೆ ಕಣ್ಣನ್ನೇ ತೆತ್ತವರೂ ಇದ್ದಾರೆ. ಇಂಗ್ಲೆಂಡಿನ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಬೆಯ ಗೂಡಿನ ಬಳಿ ಇರುಳಿನಲ್ಲಿ ಮರೆಯ ಡೇರೆಗೆ ಹತ್ತುತ್ತಿದ್ದಾಗ ಗೂಬೆ ಎರಗಿ ಎಡಗಣ್ಣು ಹೋಯಿತು. ಮರಿಗಳನ್ನು ಕಾಯುವ ತಾಯಿ ಮಾಡುವುದನ್ನೇ ಅದು ಮಾಡಿತ್ತು. ಅವರು ಉಳಿದ ಒಂದೇ ಕಣ್ಣಿನಲ್ಲಿ ಜೀವನಪೂರ್ತಿ ಹಕ್ಕಿಗಳ ಚಿತ್ರ ತೆಗೆದರು.

ಆಮೇಲೆ ಎಲೆಕ್ಟ್ರಾನಿಕ್ ಫ್ಲಾಶ್ ಬಂತು, ಹಾರುವ ರೆಕ್ಕೆಯೂ ನಿಂತಂತೆ ಕಂಡಿತು. ಆದರೆ ಚುಕ್ಕಿಯ ತೊಡಕೂ ಬಂತು. ಎರಡು ಫ್ಲಾಶ್ ಇಟ್ಟರೆ ಹಕ್ಕಿಯ ಕಣ್ಣಿನಲ್ಲಿ ಎರಡು ಚುಕ್ಕಿ, ಎರಡು ಸೂರ್ಯರಿದ್ದ ಹಾಗೆ. ಲೆನ್ಸಿನ ಪಕ್ಕದಲ್ಲೇ ಫ್ಲಾಶ್ ಇಟ್ಟರೆ ಕಣ್ಣಿನ ನಟ್ಟನಡುವೆ ಸೂಜಿಮೊನೆಯಂಥ ಬಿಳುಪು, ಹಿಂದೆ ಟಪೀಟಮ್ಮಿನ ಹಸಿರು ಉರಿ. ಬಲ್ಲವರು ಫ್ಲಾಶನ್ನು ಮೇಲಕ್ಕೆ, ಪಕ್ಕಕ್ಕೆ ಸರಿಸಿದರು. ಹಗಲಿನಲ್ಲಾದರೆ ಅದರ ಕಸುವನ್ನು ತಗ್ಗಿಸಿದರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರು ಫ್ಲಾಶ್ ಬಳಕೆಯಲ್ಲಿ ಪಳಗಿದವರು. 2017ರಲ್ಲಿ ತೀರಿಕೊಳ್ಳುವವರೆಗೆ ಎಷ್ಟೋ ಕಿರಿಯರನ್ನು ಕೈಹಿಡಿದು ತಿದ್ದಿದರು. ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಾಡಿನಲ್ಲಿ ಕಪ್ಪು ಬಿಳುಪಿನ ಚಿತ್ರಗಾರ. 1983ರಲ್ಲಿ ಬಂದ ತಮ್ಮ ಪುಸ್ತಕಕ್ಕೆ ಅವರಿಟ್ಟ ಹೆಸರೇ ಬಿಸಿಲು, ನೆರಳು ಎಂಬ ಅರ್ಥದ್ದು.

ಓದುತ್ತಾ ಹೋದಂತೆ ನನಗೆ ಒಂದು ತಿಳಿಯಿತು. ಸಹಜವಾದ ಚುಕ್ಕಿಗೆ ಗುಟ್ಟೇನೂ ಇಲ್ಲ. ಬೆಳಿಗ್ಗೆ ಅಥವಾ ಸಂಜೆ, ಸೂರ್ಯ ಕೆಳಗಿರುವಾಗ ಹೋಗಬೇಕು. ಬೆಳಕು ನಮ್ಮ ಹೆಗಲಿನ ಹಿಂದಿರಬೇಕು. ಪ್ರಾಣಿಯ ಕಣ್ಣಿನ ಮಟ್ಟಕ್ಕೆ ನಾವು ಇಳಿಯಬೇಕು. ಅದು ತಲೆಯನ್ನು ಬೆಳಕಿನ ಕಡೆ ಎತ್ತುವವರೆಗೆ ಕಾಯಬೇಕು. ಮೋಡ ಮುಚ್ಚಿದ ದಿನ ಇಡೀ ಆಕಾಶವೇ ಕಣ್ಣಿನ ಮೇಲ್ಭಾಗದಲ್ಲಿ ತೆಳು ಬಿಳುಪಾಗಿ ಹರಡುತ್ತದೆ. ಅದು ಇನ್ನೂ ಚೆಂದ. ಇಷ್ಟಾಗಿಯೂ ಸಿಗದಿದ್ದರೆ ಇಲ್ಲವೆಂದು ಒಪ್ಪಿ ಮನೆಗೆ ಬರಬೇಕು.

ಇದನ್ನೆಲ್ಲ ತಂಗಿಯ ಮಗನಿಗೆ ಫೋನಿನಲ್ಲಿ ಪಾಠ ಒಪ್ಪಿಸಿದಂತೆ ಹೇಳಿದೆ. ಅವನು “ಹ್ಞೂಂ” ಎಂದಷ್ಟೇ ಅಂದ. ಸ್ಪರ್ಧೆಗೆ ಆ ಚಿತ್ರ ಕಳಿಸಲಿಲ್ಲವೆಂದು ತಂಗಿಯಿಂದ ತಿಳಿಯಿತು. ಮಳೆ ಹಿಡಿಯುವ ಮೊದಲು ಅವನು ಮತ್ತೆ ಲಕ್ಕವಳ್ಳಿಗೆ ಹೋದ. ಎರಡು ಸಂಜೆ ದೋಣಿಯಲ್ಲಿ ಕೂತು ಬರಿಗೈಯಲ್ಲಿ ಬಂದ. ಮೂರನೆಯ ಸಂಜೆ ತೆಗೆದದ್ದನ್ನು ನನಗೆ ತೋರಿಸಲು ತಂದ. ಅದೇ ಕಾಟಿಯೋ ಬೇರೆಯದೋ, ಹುಲ್ಲು ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿತ್ತು. ಒಂದು ಕಣ್ಣಿನಲ್ಲಿ ಮಾತ್ರ ಬೆಳಕು. ಅವನು ಕಂಪ್ಯೂಟರಿನಲ್ಲಿ ಆ ಕಣ್ಣನ್ನು ದೊಡ್ಡದು ಮಾಡುತ್ತಾ ಹೋದ. ಬಾಗಿದ ಸೂರ್ಯ, ಕೆಳಗೆ ನೀರಿನ ಬಿಳಿ ಗೆರೆ, ಗೆರೆಯ ಮೇಲೆ ಸಾಸಿವೆಯಷ್ಟು ಕಪ್ಪು.

“ಅದು ನಮ್ಮ ದೋಣಿ, ದೊಡ್ಡಮ್ಮ.”

ಡ್ಯೂರರನ ಕಿಟಕಿ ನೆನಪಾಗಿ ನನ್ನ ಮೈ ಜುಮ್ಮೆಂದಿತು.

ಅವನು ಇನ್ನೊಂದನ್ನೂ ತಂದಿದ್ದ. ಚಿಕ್ಕಪ್ಪನ ಮನೆಗೆ ಹೋಗಿ, ಟ್ರಂಕಿನ ತಳದಲ್ಲಿದ್ದ ಮದುವೆಯ ಗ್ರೂಪ್ ಫೋಟೋ ಹುಡುಕಿ, ಏನನ್ನೂ ತಿದ್ದದೆ ಇದ್ದ ಹಾಗೆಯೇ ಪ್ರತಿ ತೆಗೆಸಿದ್ದ. ಚಪ್ಪರದ ನೆರಳಿನಲ್ಲಿ ಮೂವತ್ತು ಜನ. ಎರಡನೇ ಸಾಲಿನ ತುದಿಯಲ್ಲಿ ಅಮ್ಮ. ಅವಳ ಕಣ್ಣಿನಲ್ಲಿ ಚುಕ್ಕಿ ಇಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಅವಳೊಬ್ಬಳು ರೆಪ್ಪೆ ಬಾಗಿಸಿ ಕೆಳಗೆ ನೋಡುತ್ತಿದ್ದಾಳೆ. ಅವಳ ನೋಟದ ದಾರಿ ಹಿಡಿದು ಇಳಿದರೆ, ಮುಂದೆ ಜಮಖಾನದ ಮೇಲೆ ಎರಡು ಜಡೆ ಹಾಕಿದ ಒಂದು ಹುಡುಗಿ, ಅಲುಗಾಡಿ ಮುಖ ಮಸುಕಾದದ್ದು. ನಾನು.

ಸ್ಟುಡಿಯೋದವರು ಆ ಬಾಗಿದ ರೆಪ್ಪೆಯನ್ನು ಎತ್ತಿ, ಅಮ್ಮನನ್ನು ಕ್ಯಾಮೆರಾ ಕಡೆ ತಿರುಗಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ತಪ್ಪೆನ್ನಲಾರೆ. ಆದರೆ ಅಮ್ಮ ನೋಡುತ್ತಿದ್ದದ್ದು ನನ್ನನ್ನು. ಅದು ನನಗೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಗೋಡೆಯ ಫೋಟೋವನ್ನು ನಾನು ತೆಗೆದಿಲ್ಲ. ಅಜ್ಜಿ, ಅಪ್ಪ ಕೈಮುಗಿದ ಫೋಟೋ ಅದು. ಪಕ್ಕದಲ್ಲೇ ಗ್ರೂಪ್ ಫೋಟೋಗೂ ಒಂದು ಮೊಳೆ ಹೊಡೆಸಿದೆ. ಬಂದವರು ಯಾರ ಮದುವೆ ಎಂದು ಕೇಳುತ್ತಾರೆ. ಚಿಕ್ಕಪ್ಪನದು ಎನ್ನುತ್ತೇನೆ.