ಗಾಜಿನ ಪೆಟ್ಟಿಗೆಯ "ಯುದ್ಧದ ಕತ್ತಿ" ನಮ್ಮ ತಾತಂದಿರ ರಂಪಿ



ಹೋದ ತಿಂಗಳು ಬಿಲ್ ಕೊಡೋಕೆ ಅಂತ ಪೀಣ್ಯದಿಂದ ವೈಟ್‌ಫೀಲ್ಡಿನ ಒಂದು ಆಫೀಸಿಗೆ ಹೋಗಿದ್ದೆ. ರಿಸೆಪ್ಷನ್ ಗೋಡೆ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ಮೂರು ಹಳೇ ಕತ್ತಿ. ಕೆಳಗೆ ಚೀಟಿ: "ಯುದ್ಧಾಯುಧಗಳು, ಮೈಸೂರು, ಹದಿನೆಂಟನೇ ಶತಮಾನ". ಎರಡು ಬಾಕು, ಸರಿ. ಮೂರನೆಯದು ಮಾತ್ರ ಬೇರೆ ಥರ. ಗೇಣುದ್ದದ ಕಬ್ಬಿಣ, ಮುಂದೆ ಅರ್ಧಚಂದ್ರದ ಹಾಗೆ ಅಗಲ, ಗಿಡ್ಡ ಮರದ ಹಿಡಿ. ಚೂಪು ತುದಿಯೇ ಇಲ್ಲ. ಇದರಲ್ಲಿ ಯಾರನ್ನ ತಿವಿಯೋದು? ಅನುಮತಿ ಕೇಳಿ ನಾಲ್ಕೈದು ಫೋಟೋ ತೆಗೆದುಕೊಂಡೆ.

ಮಾರನೇ ದಿನ ನಮ್ಮ ಟೂಲ್ ರೂಮಿನ ಹಿರಿಯ ಫಿಟ್ಟರ್‌ಗೆ ತೋರಿಸಿದೆ. ಅವರು ಚೀಟಿ ಓದಲೇ ಇಲ್ಲ, ಅಲಗು ನೋಡಿದರು. "ಸಾಣೆ ಒಂದೇ ಕಡೆ ಹಿಡಿದವ್ರೆ. ಇದು ಬೀಸೋದಲ್ಲ ಸಾರ್, ಅಂಗೈ ಒತ್ತಿ ಮುಂದಕ್ಕೆ ತಳ್ಳೋ ಟೂಲು. ಮಸೆದೂ ಮಸೆದೂ ಅರ್ಧ ಸವೆದೈತೆ." ಆಯುಧ ವರ್ಷಕ್ಕೊಮ್ಮೆ ಪೂಜೆಗೆ ಹೊರಬರಬಹುದು. ಹೀಗೆ ಸವೆಯೋದು ದಿನಾ ದುಡಿದದ್ದು ಮಾತ್ರ.

ರಾತ್ರಿ ಅವ್ವನ ಮುಂದೆ ಫೋನ್ ಹಿಡಿದೆ. ಕನ್ನಡಕ ಏರಿಸಿ ನೋಡಿ, "ರಂಪಿ ಕಣೋ ಇದು! ನಿಮ್ಮ ತಾತ ಇದರಲ್ಲೇ ತೊಗಲು ಹೆರೀತಿದ್ದುದು" ಅಂದಳು.

ಕೆಲವು ಕಡೆ ರಂಪಿಗೆ ಅಂತಾರೆ. ಉತ್ತರ ಭಾರತದಲ್ಲಿ ಸಂತ ರವಿದಾಸರ ಕಸುಬಿನ ರಾಂಪಿಯೂ ಇದೇ. ತೊಗಲನ್ನು ಕಲ್ಲಿನ ಮೇಲೆ ಹಾಸಿ, ರಂಪಿಯನ್ನು ತಳ್ಳುತ್ತಾ ಅಂಚು ತೆಳು ಮಾಡೋದು, ಅಟ್ಟೆ ಕೊಯ್ಯೋದು. ಈಜಿಪ್ಟಿನ ಮಂತ್ರಿ ರೆಖ್ಮಿರೆಯ ಸಮಾಧಿಯ ಚಿತ್ರಗಳಿಗೆ 3,400 ವರ್ಷ ದಾಟಿದೆ. ಅಲ್ಲೂ ಚರ್ಮಕಾರರ ಕೈಯಲ್ಲಿ ಅರ್ಧಚಂದ್ರದ ಕತ್ತಿ ಇದೆ.

ಹಾಗಾದರೆ ಅದು ಯುದ್ಧದ ಕತ್ತಿ ಆಗಿದ್ದು ಹೇಗೆ? ಕೊಡಗಿನ ಒಡಿಕತ್ತಿ, ಪೀಚೆಕತ್ತಿಗಳ ಹೆಸರು ಎಲ್ಲರಿಗೂ ಗೊತ್ತು. 1880ರಲ್ಲಿ ಎಗರ್ಟನ್ ಪ್ರಕಟಿಸಿದ ಭಾರತದ ಆಯುಧಗಳ ಕೈಪಿಡಿಯಲ್ಲೇ ಕೊಡಗಿನ ಕತ್ತಿ ಸೇರಿತ್ತು. ಕಾದಾಡಿದ ಕತ್ತಿಯನ್ನು ಪಟ್ಟಿ ಮಾಡಿದರು, ಮೆಟ್ಟು ಹೊಲಿದ ಕತ್ತಿಯನ್ನು ಯಾರು ಕೇಳಿದರು? ವೈಟ್‌ಫೀಲ್ಡ್ ಅನ್ನೋ ಊರಿನ ಹೆಸರಲ್ಲೇ, 1882ರಲ್ಲಿ ಅದನ್ನು ಕಟ್ಟಲು ಮುಂದಾದ ಡಿ.ಎಸ್. ವೈಟ್ ಇದ್ದಾನೆ. ಅದೇ ಊರಿನ ಗೋಡೆ ಮೇಲೆ ನಮ್ಮವರ ಹತಾರಿಗೆ ಬೇರೆಯವರ ಹೆಸರು.

ಆದರೆ ನಮ್ಮ ಮನೆಯ ರಂಪಿ ಎಲ್ಲಿ ಹೋಯ್ತು? ಅದನ್ನೂ ಅವ್ವನೇ ಹೇಳಿದಳು. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಸಭೆಯಿಂದ ಬಂದ ಅಪ್ಪ, ತಾತನ ಉಳಿ, ರಂಪಿ ಎಲ್ಲಾ ಗುಜರಿಗೆ ಹಾಕಿಬಿಟ್ಟ. ತಾತ ಎರಡು ದಿನ ಮಾತಾಡಲಿಲ್ಲವಂತೆ. ಅಪ್ಪ ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂದದ್ದು ಇದೇ ಸ್ವಾಭಿಮಾನಕ್ಕೆ. 2016ರಲ್ಲಿ ಗುಜರಾತಿನ ಉನಾದಲ್ಲಿ ಸತ್ತ ಹಸುವಿನ ತೊಗಲು ಸುಲಿದ ಹುಡುಗರನ್ನು ಕಟ್ಟಿ ಹೊಡೆದದ್ದು ಮರೆತಿಲ್ಲವಲ್ಲ? ಅಪ್ಪ ಅದನ್ನು ಬಿಟ್ಟಿದ್ದಕ್ಕೇ ನಾನು ಬಿ.ಎ. ಓದಿ ಟೇಬಲ್ ಮುಂದೆ ಕೂತಿದ್ದೇನೆ.

ಈ ಗೊಂದಲಕ್ಕೆ ಮಾದಾರ ಚೆನ್ನಯ್ಯ ಎಂದೋ ಉತ್ತರ ಕೊಟ್ಟಿದ್ದಾನೆ ಅನಿಸುತ್ತೆ. ಬಹಳಷ್ಟು ಶರಣರು ದೇವರ ಹೆಸರನ್ನೇ ಅಂಕಿತ ಮಾಡಿಕೊಂಡರೆ, ಬಸವಣ್ಣನವರೇ ಹಿರಿಯನೆಂದು ಗೌರವಿಸಿದ ಈತ ತನ್ನ ಅಂಕಿತದೊಳಗೆ ಕೈಉಳಿ, ಕತ್ತಿ, ಅಡಿಗೂಟವನ್ನೂ ಸೇರಿಸಿದ. ಅವುಗಳಿಗೆ ಅಡಿಯಾಳಾಗಬೇಡ ಅನ್ನೋ ಎಚ್ಚರವನ್ನೂ ಅಲ್ಲೇ ಇಟ್ಟ. ಹತಾರಿನ ಹೆಸರು ಉಳಿಸಿಕೊಂಡ, ಗುಲಾಮಗಿರಿ ಬೇಡ ಅಂದ.

ಆ ಆಫೀಸಿಗೆ ಒಂದು ಕಾಗದ ಬರೆದಿದ್ದೇನೆ. ಕತ್ತಿ ತೆಗೆಯಿರಿ ಅಂತಲ್ಲ, ಚೀಟಿ ಬದಲಿಸಿ ಅಂತ: "ರಂಪಿ. ಚರ್ಮ ಕೊಯ್ಯುವ, ಹೆರೆಯುವ ಹತಾರು." ಉತ್ತರ ಇನ್ನೂ ಬಂದಿಲ್ಲ. ಬಾರದಿದ್ದರೆ ಮತ್ತೆ ಬರೆಯುತ್ತೇನೆ.

ನಿಮ್ಮ ಮನೆ ಅಟ್ಟದ ಮೇಲೆ ಇಂಥದ್ದೇನಾದರೂ ಇದ್ದರೆ ಗುಜರಿಗೆ ಹಾಕೋ ಮುಂಚೆ ಒಂದು ಫೋಟೋ ತೆಗೀರಿ. ಅಜ್ಜಿ ಇದ್ದರೆ ಇವತ್ತೇ ಹೆಸರು ಕೇಳಿ ಬರೆದಿಡಿ.

ಜೈ ಭೀಮ್.