ಬೋರ್ಡಿನ ಹಿಂದಿನ ಬುತ್ತಿಡಬ್ಬಿಗಳು

ಸ್ವಲ್ಪ ಉದ್ದ ಆಯ್ತು, ಪೂರ್ತಿ ಓದಿ.

ಮುಂಬೈನ ಎಲ್ಫಿನ್‌ಸ್ಟನ್ ಹೈಸ್ಕೂಲಲ್ಲಿ ಮೇಷ್ಟ್ರು ಒಂದು ದಿನ ಹುಡುಗ ಭೀಮರಾವ್‌ನನ್ನು ಲೆಕ್ಕ ಬಿಡಿಸೋಕೆ ಬೋರ್ಡಿನ ಹತ್ತಿರ ಕರೆದರು. ಕ್ಲಾಸಲ್ಲಿ ಗಲಾಟೆಯೋ ಗಲಾಟೆ. ಸವರ್ಣ ಹುಡುಗರ ಬುತ್ತಿಡಬ್ಬಿಗಳು ಬೋರ್ಡಿನ ಹಿಂದಿದ್ದವು. ಮೈಲಿಗೆ ಆಗೋದರೊಳಗೆ ಎತ್ತಿಕೊಳ್ಳೋಕೆ ಓಡಿದರು. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಇದಿದೆ. ಬಾಬಾಸಾಹೇಬರಿಗೆ ಸಂಸ್ಕೃತ ಕಲಿಸದ ಕತೆ ನಾವೆಲ್ಲ ಭಾಷಣದಲ್ಲಿ ಹೇಳ್ತೀವಿ, ಗಣಿತದ ಬೋರ್ಡಿನ ಕತೆ ಯಾಕೋ ಅಷ್ಟು ಹೇಳಲ್ಲ.

ತಾನೇ ಗಣಿತ ಕಲಿತವರು ಅಂದ್ರೆ ಎಲ್ಲರ ಬಾಯಲ್ಲೂ ರಾಮಾನುಜನ್. ನಾನು ಜಾರ್ಜ್ ಬೂಲ್ ಹೆಸರು ಹೇಳ್ತೀನಿ. 1815ರಲ್ಲಿ ಇಂಗ್ಲೆಂಡಿನ ಲಿಂಕನ್ ಊರಲ್ಲಿ ಹುಟ್ಟಿದವನು, ಚಪ್ಪಲಿ ಹೊಲಿಯುವವನ ಮಗ. 16ನೇ ವಯಸ್ಸಿಗೇ ಮನೆ ಸಾಕೋಕೆ ಮೇಷ್ಟ್ರ ಕೆಲಸಕ್ಕೆ ನಿಂತ. ಲಾಕ್ರ್ವಾ ಬರೆದ ಫ್ರೆಂಚ್ ಕ್ಯಾಲ್ಕುಲಸ್ ಪುಸ್ತಕವನ್ನು ಒಬ್ಬನೇ ಕೂತು ಅರಗಿಸಿಕೊಂಡ. ಹೇಳಿಕೊಡೋರಿಲ್ಲದೆ ಅದಕ್ಕೇ ವರ್ಷಗಟ್ಟಲೆ ಹಿಡೀತು. 1849ರಲ್ಲಿ ಡಿಗ್ರಿಯೇ ಇಲ್ಲದೆ ಐರ್ಲೆಂಡಿನ ಕಾರ್ಕ್ ಕಾಲೇಜಿಗೆ ಗಣಿತದ ಪ್ರೊಫೆಸರ್ ಆದ. ಇವತ್ತು ನಿಮ್ಮ ಕೈಯಲ್ಲಿರೋ ಫೋನಿನ ಒಳಗಿನ ತರ್ಕ ಅವನ ಬೀಜಗಣಿತದ್ದು. ಒಂದು ವ್ಯತ್ಯಾಸ ಮರೀಬೇಡಿ: ಅವನಿಗೆ ಬಡತನ ಇತ್ತು, ಆದರೆ ಅವನು ಮುಟ್ಟಿದ ಪುಸ್ತಕವನ್ನು ಯಾರೂ ತೊಳೆಯಲಿಲ್ಲ.

2001ರಲ್ಲಿ ಅಮೆರಿಕದ ಎಂಐಟಿ ತನ್ನ ಪಾಠಗಳನ್ನು ಇಂಟರ್ನೆಟ್ಟಲ್ಲಿ ಪುಕ್ಕಟೆ ಹಾಕ್ತೀವಿ ಅಂತ ಘೋಷಿಸಿತು. ಅಲ್ಲಿನ ಗಿಲ್ಬರ್ಟ್ ಸ್ಟ್ರ್ಯಾಂಗ್ ಮೇಷ್ಟ್ರು ಸೀಮೆಸುಣ್ಣ ಹಿಡಿದು ಲೀನಿಯರ್ ಆಲ್ಜೀಬ್ರಾ ಹೇಳೋ 30ಕ್ಕೂ ಹೆಚ್ಚು ವಿಡಿಯೊಗಳಿವೆ. 2003ರಲ್ಲಿ ನಮ್ಮ ಐಐಟಿಗಳು, ಬೆಂಗಳೂರಿನ ಐಐಎಸ್‌ಸಿ ಸೇರಿ ಎನ್‌ಪಿಟಿಇಎಲ್ ಶುರು ಮಾಡಿದವು. ಕ್ಯಾಂಪಸ್ಸಿನ ಒಳಗೆ ನಮ್ಮ ಮಕ್ಕಳು ಏನೇನು ಅನುಭವಿಸ್ತಾರೆ ಅಂತ ಗೊತ್ತಿರೋ ನಮಗೆ, ಅದೇ ಪಾಠ ಗೇಟಿನ ಹೊರಗೂ ಸಿಗೋದು ಸಣ್ಣ ಮಾತಲ್ಲ. ಪಾಠ ಪುಕ್ಕಟೆ, ಸರ್ಟಿಫಿಕೇಟ್ ಬೇಕಂದ್ರೆ ಮಾತ್ರ ಪರೀಕ್ಷೆ ಶುಲ್ಕ. ಎಸ್‌ಸಿ, ಎಸ್‌ಟಿಯವರಿಗೆ ಅದರಲ್ಲಿ ರಿಯಾಯಿತಿ ಇದೆ, ಕೇಳಿ ಪಡೀರಿ.

ಸಿಕ್ಕ ಸಿಕ್ಕ ವಿಡಿಯೊ ನೋಡಿದ್ರೆ ಬೂಲ್‌ನ ಹಾಗೇ ವರ್ಷಗಳು ಹೋಗ್ತವೆ. ಪಿಯುಸಿ ಗಣಿತ ಅಲ್ಲಾಡ್ತಿದ್ರೆ ಮೊದಲು ಖಾನ್ ಅಕಾಡೆಮಿ. ಆಮೇಲೆ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ. ರಿಯಲ್ ಅನಾಲಿಸಿಸ್ ಅದಾದ ಮೇಲೇ. ವಿಡಿಯೊ ನಿಲ್ಲಿಸಿ ಪೆನ್ನು ಹಿಡೀಬೇಕು. ನೋಡೋದೇ ಬೇರೆ, ಬಿಡಿಸೋದೇ ಬೇರೆ. ಇಂಗ್ಲಿಷ್ ತೊಡಕು ದೊಡ್ಡದು, ಸುಳ್ಳು ಹೇಳಲ್ಲ. ಹಾಸ್ಟೆಲಲ್ಲಿ ನಾಲ್ಕು ಜನ ಒಂದು ಫೋನಿನ ಸುತ್ತ ಕೂತರೆ ಅರ್ಧ ಬಿಡಿಸಿಕೊಳ್ಳುತ್ತೆ.

ನಾನು ಬಿಎ ಗುಮಾಸ್ತ, ಎಲ್ಲ ಹೇಳಿಕೊಡೋಕೆ ಆಗಲ್ಲ. ಎಂಎಸ್ಸಿ ಗಣಿತ ಮಾಡಿರೋ ನಮ್ಮ ಅಣ್ಣಂದಿರು, ಅಕ್ಕಂದಿರು ಭಾನುವಾರ ಒಂದು ಗಂಟೆ ಕೊಡೋದಾದ್ರೆ ಇನ್‌ಬಾಕ್ಸಿಗೆ ಬರೀರಿ. ಹುಡುಗರನ್ನ ನಾನು ಸೇರಿಸ್ತೀನಿ.