ತಮಟೆಯ ಸದ್ದು ಯಾರ ಸ್ವತ್ತು? ಸಿಂಥ್, ಸ್ಯಾಂಪಲ್, ಸೀಕ್ವೆನ್ಸರ್: ಎಲೆಕ್ಟ್ರಾನಿಕ್ ಸಂಗೀತ ಮಾಡುವವರಿಗೊಂದು ಕೈಪಿಡಿ

ರೀಲ್ಸ್‌ಗೆ ಹಾಕುವ ಬೀಟ್, ಗಣೇಶನ ಮೆರವಣಿಗೆಯ ಡಿಜೆ, ಚುನಾವಣೆ ಹೊತ್ತಲ್ಲಿ ಆಟೋ ಮೇಲೆ ಅರಚುವ ಪ್ರಚಾರದ ಹಾಡು, ಹೋರಾಟದ ವೇದಿಕೆಯ ರ‍್ಯಾಪ್. ಇವೆಲ್ಲದರ ಹಿಂದೆ ಇರೋದು ಮೂರೇ ಸಾಮಾನು: ಸಿಂಥಸೈಜರ್, ಸ್ಯಾಂಪಲ್, ಸೀಕ್ವೆನ್ಸರ್. ಮೂರೂ ಈಗ ಹಳೇ ಲ್ಯಾಪ್‌ಟಾಪಿನಲ್ಲಿ, ಎಷ್ಟೋ ಸಲ ಮೊಬೈಲಿನಲ್ಲೇ ಸಿಗುತ್ತವೆ. ಕೆ.ಆರ್. ನಗರದ ಕಡೆಯ ನಮ್ಮ ಮಿರ್ಲೆಯಂಥ ಊರಲ್ಲಿ ಕೂತು ಹಾಡು ಮಾಡೋಕೆ ಸ್ಟುಡಿಯೋ ಬೇಕಾಗಿಲ್ಲ. ಆದರೆ ಇವುಗಳ ಬಗ್ಗೆ ಕನ್ನಡದಲ್ಲಿ ಒಂದೆಡೆ ಬರೆದಿಟ್ಟದ್ದು ಕಡಿಮೆ. ಅದಕ್ಕಿಂತ ಕಡಿಮೆ ಮಾತಾಡೋದು ಇನ್ನೊಂದು ವಿಷಯ: ನಾವು ಎತ್ತಿಕೊಳ್ಳುವ ಸದ್ದು ಯಾರದು ಅನ್ನೋದು. ಎರಡನ್ನೂ ಒಟ್ಟಿಗೆ ಹೇಳುವ ಪ್ರಯತ್ನ ಇದು.

ಮೊದಲು ಮೂರು ಪದ

ಸಿಂಥಸೈಜರ್ ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ. ಅದರೊಳಗಿನ ಆಸಿಲೇಟರ್ ಒಂದು ಕಚ್ಚಾ ಸ್ವರ ಕೊಡುತ್ತೆ. ಫಿಲ್ಟರ್ ಅದರ ಚೂಪನ್ನು ಕಡಿಮೆ ಮಾಡುತ್ತೆ. ಎನ್ವೆಲಪ್ ಅನ್ನೋದು ಸದ್ದು ಎಷ್ಟು ಬೇಗ ಏರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಅಡಗಬೇಕು ಅಂತ ತೀರ್ಮಾನಿಸುತ್ತೆ. ಈ ಮೂರನ್ನು ಅರ್ಥ ಮಾಡಿಕೊಂಡರೆ ಯಾವ ಸಿಂಥ್ ಮುಂದೆ ಕೂತರೂ ದಾರಿ ತಪ್ಪಲ್ಲ.

ಸ್ಯಾಂಪಲ್ ಅಂದರೆ ರೆಕಾರ್ಡ್ ಮಾಡಿದ ಸದ್ದಿನ ತುಣುಕು. ಅದು ತಮಟೆಯ ಒಂದೇ ಏಟು ಇರಬಹುದು, ನಾಲ್ಕು ಸಾಲಿನ ಪದ ಇರಬಹುದು. ಇಂಥ ನೂರಾರು ತುಣುಕುಗಳನ್ನು ಜೋಡಿಸಿ ಮಾರಿದರೆ ಅದೇ ಸ್ಯಾಂಪಲ್ ಪ್ಯಾಕ್.

ಸೀಕ್ವೆನ್ಸರ್ ಅಂದರೆ ಯಾವ ಸದ್ದು ಯಾವ ಕ್ಷಣಕ್ಕೆ ಬರಬೇಕು ಅಂತ ಬರೆದಿಡುವ ಪಟ್ಟಿ. ಇದು ತಾನಾಗಿ ಸದ್ದು ಮಾಡಲ್ಲ, ಸದ್ದು ಮಾಡಿಸುತ್ತೆ. ಎಫ್‌ಎಲ್ ಸ್ಟುಡಿಯೋದಂಥ ಸಾಫ್ಟ್‌ವೇರಿನಲ್ಲಿ ಮೂರೂ ಒಂದೇ ಕಿಟಕಿಯೊಳಗೆ ಇರೋದ್ರಿಂದ ಹೊಸಬರಿಗೆ ಗೊಂದಲ ಆಗುತ್ತೆ, ಅಷ್ಟೇ.

ಇದು ಪರದೇಶದ ವಿದ್ಯೆಯೇನಲ್ಲ

ರಾಬರ್ಟ್ ಮೂಗ್ ತನ್ನ ಸಿಂಥಸೈಜರನ್ನು ಜನರ ಮುಂದಿಟ್ಟದ್ದು 1964ರಲ್ಲಿ. ಐದೇ ವರ್ಷಕ್ಕೆ, 1969ರಲ್ಲಿ, ಅಂಥದ್ದೊಂದು ಯಂತ್ರ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿತ್ತು. ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಅದನ್ನು ಜೋಡಿಸಿಕೊಟ್ಟರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಅದರ ಮೇಲೆ ಕೆಲಸ ಮಾಡಿದರು. ಆ ಟೇಪುಗಳು ದಶಕಗಟ್ಟಲೆ ಕಪಾಟಿನಲ್ಲೇ ಉಳಿದಿದ್ದವು. ಆಲ್ಬಮ್ಮಾಗಿ ಹೊರಬಂದದ್ದು 2023ರಲ್ಲಿ.

1982ರಲ್ಲಿ ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ಕೂರಿಸಿದರು. ಬಳಸಿದ್ದು ರೋಲ್ಯಾಂಡ್ ಕಂಪನಿಯ ಟಿಆರ್-808, ಟಿಬಿ-303, ಜುಪಿಟರ್-8. ಆಗ ಯಾರೂ ಕಿವಿಗೊಡಲಿಲ್ಲ. 1987ರಲ್ಲಿ ಅದೇ 303 ಯಂತ್ರ ಹಿಡಿದು ಷಿಕಾಗೋದವರು ಮಾಡಿದ್ದಕ್ಕೆ ಆ್ಯಸಿಡ್ ಹೌಸ್ ಅಂತ ಹೆಸರು ಬಂತು, ಅದು ಚರಿತ್ರೆಯಾಯ್ತು. ಸಿಂಗ್ ಅವರ ಹೆಸರು ಲೋಕಕ್ಕೆ ತಿಳಿದದ್ದು 2010ರ ಮರುಮುದ್ರಣದ ನಂತರ.

ನಮ್ಮ ರಾಜ್ಯದ್ದೂ ಒಂದು ಕತೆ ಇದೆ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಕೊಳಲು ವಾದಕ ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ ರಾಡೆಲ್ ಕಂಪನಿ ಕಟ್ಟಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರ, ತಬಲಾ ಮಾಡಿದರು. ಆ ಎಲೆಕ್ಟ್ರಾನಿಕ್ ತಬಲಾ ಅಂದರೆ ತಾಳ ತುಂಬಿಟ್ಟ ಸೀಕ್ವೆನ್ಸರ್ ತಾನೇ? ಸಂಗೀತ ಪಾಠದ ಮನೆಗಳಲ್ಲಿ ಎಷ್ಟೋ ವರ್ಷದಿಂದ ಡ್ರಮ್ ಮಷೀನ್ ಓಡ್ತಾ ಇದೆ, ನಾವು ಹಾಗೆ ಕರೆಯಲ್ಲ ಅಷ್ಟೇ.

808ರ ಕತೆಯಲ್ಲೂ ಒಂದು ಪಾಠ ಇದೆ. 1980ರಲ್ಲಿ ಬಂದ ಆ ಯಂತ್ರದ ಸದ್ದು ನಿಜವಾದ ಡ್ರಮ್ಮಿನ ಹಾಗಿಲ್ಲ ಅಂತ ದೊಡ್ಡ ಸ್ಟುಡಿಯೋದವರು ಮೂಗು ಮುರಿದರು. 1983ಕ್ಕೆ ತಯಾರಿಕೆ ನಿಂತಿತು. ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕ ಅದನ್ನು ಎತ್ತಿಕೊಂಡವರು ಅಮೆರಿಕದ ಕಪ್ಪು ಹುಡುಗರು. ಇವತ್ತು ಹಿಪ್‌ಹಾಪಿನ ಎದೆಬಡಿತವೇ ಆ 808.

ಯಾರಿಗೂ ಬಾಡಿಗೆ ಕಟ್ಟದ ಭಾಷೆ

1983ರಲ್ಲಿ ಬಂದ ಮಿಡಿ ಅನ್ನೋದು ಯಂತ್ರಗಳು ಪರಸ್ಪರ ಮಾತಾಡುವ ಭಾಷೆ. ಅದರಲ್ಲಿ ಸದ್ದು ಇರಲ್ಲ. ಯಾವ ಸ್ವರ, ಎಷ್ಟು ಜೋರು, ಯಾವಾಗ ಶುರು, ಯಾವಾಗ ನಿಲುಗಡೆ ಅನ್ನುವ ಸೂಚನೆ ಇರುತ್ತೆ. ಹದಿನಾರು ಚಾನೆಲ್, ಜೋರಿಗೆ 0ಯಿಂದ 127ರವರೆಗಿನ ಅಂಕಿ. ಇದನ್ನು ರೂಪಿಸಿದವರಲ್ಲಿ ಮುಖ್ಯರಾದ ಡೇವ್ ಸ್ಮಿತ್ ಮತ್ತು ರೋಲ್ಯಾಂಡಿನ ಇಕುತಾರೊ ಕಕೆಹಾಶಿ ಅದಕ್ಕೆ ಲೈಸೆನ್ಸ್ ಶುಲ್ಕ ಹಾಕದೆ ಬಿಟ್ಟುಕೊಟ್ಟರು. ಪೈಪೋಟಿಯಲ್ಲಿದ್ದ ಕಂಪನಿಗಳೆಲ್ಲ ಒಪ್ಪಿಕೊಂಡದ್ದು ಅದಕ್ಕೇ. ನಲವತ್ತು ವರ್ಷ ದಾಟಿದರೂ ಅದು ಬದುಕಿದೆ. ಹಂಚಿಕೊಂಡರೆ ಉದ್ಯಮ ಮುಳುಗುತ್ತೆ ಅನ್ನೋರಿಗೆ ಇದೊಂದು ಉತ್ತರ.

ಹದಿನಾರು ಮನೆಯ ಪಟ್ಟಿಗೆ ನಮ್ಮ ತಾಳ

ಸಾಫ್ಟ್‌ವೇರ್ ತೆರೆದ ಕೂಡಲೇ ಕಾಣೋದು ಹದಿನಾರು ಮನೆ. ನಾಲ್ಕು ನಾಲ್ಕರ ಲೆಕ್ಕ. ವೇಗ 120 ಬಿಪಿಎಂ ಇದ್ದರೆ ಒಂದು ಬೀಟಿಗೆ ಅರ್ಧ ಸೆಕೆಂಡು, ಒಂದು ಮನೆಗೆ 125 ಮಿಲಿಸೆಕೆಂಡು. ಇದು ಯಂತ್ರದ ವಾಡಿಕೆ, ಸಂಗೀತದ ಕಟ್ಟಳೆಯಲ್ಲ. ಮಿಶ್ರ ಛಾಪಿಗೆ ಪಟ್ಟಿಯನ್ನು 14 ಮನೆಗೆ ಇಳಿಸಿ, 3+4ರ ಹಾಗೆ ಒತ್ತು ಕೊಡಿ. ಖಂಡ ಛಾಪಿಗೆ 10 ಮನೆ, 2+3. ಮೂರರ ನಡೆಯ ಕುಣಿತದ ಬೀಟಿಗೆ 12 ಮನೆ ಸಾಕು.

ಇನ್ನೊಂದು ವಿಷಯ. ತಮಟೆ ಬಡಿಯುವವರ ಕೈ ಮನೆಯ ಗೆರೆ ಮೇಲೆ ಬೀಳಲ್ಲ. ಕೂದಲೆಳೆಯಷ್ಟು ಹಿಂದೆ ಮುಂದೆ ಬೀಳುತ್ತೆ, ಮೈ ಕುಣಿಯೋದು ಅದಕ್ಕೇ. ಕ್ವಾಂಟೈಜ್ ಬಟನ್ ಒತ್ತಿ ಎಲ್ಲವನ್ನೂ ಗೆರೆಗೆ ಎಳೆದರೆ ಜೀವ ಹೋಗುತ್ತೆ. ನೂರಕ್ಕೆ ನೂರು ಎಳೆಯಬೇಡಿ, ಅರ್ಧ ಎಳೆದು ಕೇಳಿ ನೋಡಿ.

ಸ್ವರದ್ದೂ ಇದೇ ಪಾಡು. ಕೀಬೋರ್ಡ್ ಸ್ಥಾಯಿಯನ್ನು ಹನ್ನೆರಡು ಸಮ ಭಾಗ ಮಾಡುತ್ತೆ, ಒಂದೊಂದಕ್ಕೆ 100 ಸೆಂಟ್. ತಂಬೂರಿ ನಾದದೊಳಗೆ ಕೇಳುವ ಅಂತರ ಗಾಂಧಾರ ಸುಮಾರು 386 ಸೆಂಟಿಗೆ ಇರುತ್ತೆ, ಕೀಬೋರ್ಡಿನದು 400. ಆ ಹದಿನಾಲ್ಕು ಸೆಂಟ್ ಕಿವಿಗೆ ಗೊತ್ತಾಗುತ್ತೆ. ಸರ್ಜ್ ಎಕ್ಸ್‌ಟಿಯಂಥ ಉಚಿತ ಸಿಂಥ್‌ನಲ್ಲಿ ಬೇರೆ ಶ್ರುತಿ ಪಟ್ಟಿ ಹಾಕಿಕೊಳ್ಳಬಹುದು.

ತಮಟೆಯನ್ನು ಸ್ಯಾಂಪಲ್ ಮಾಡೋದು

ಮೊದಲನೆಯದಾಗಿ, ತಮಟೆಗೆ ಒಂದೇ ಸದ್ದಿಲ್ಲ. ದಪ್ಪ ಕೋಲಿನ ಏಟು ಬೇರೆ, ಸಣ್ಣ ಕಡ್ಡಿಯ ಏಟು ಬೇರೆ. ನಡುವಿನದು ಬೇರೆ, ಅಂಚಿನದು ಬೇರೆ. ಬೆಂಕಿಗೆ ಕಾಯಿಸಿದ ಕೂಡಲೇ ಚರ್ಮ ಬಿಗಿದು ಸದ್ದು ಚೂಪಾಗುತ್ತೆ, ಬಡಿಯುತ್ತಾ ಹೋದಂತೆ ಇಳಿಯುತ್ತೆ. ಹಾಗಾಗಿ ಕಾಯಿಸಿದ ತಕ್ಷಣ ಒಮ್ಮೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ರೆಕಾರ್ಡ್ ಮಾಡಿ.

ಒಂದೊಂದು ಬಗೆಯ ಏಟನ್ನೂ ಮೆಲ್ಲಗೆ, ಸಾಧಾರಣ, ಜೋರು, ಬಲು ಜೋರು ಅಂತ ನಾಲ್ಕು ಹಂತದಲ್ಲಿ, ಹಂತಕ್ಕೆ ನಾಲ್ಕು ಸಲ ಹಿಡಿಯಿರಿ. ಹದಿನಾರು ತುಣುಕು ಆಗುತ್ತವೆ. ಸ್ಯಾಂಪ್ಲರ್ ಇವನ್ನು ಸರದಿಯಲ್ಲಿ ನುಡಿಸಿದರೆ ಒಂದೇ ಏಟನ್ನು ಮತ್ತೆ ಮತ್ತೆ ಕೇಳಿದ ಹಾಗನಿಸಲ್ಲ. ಮೈಕು ವಾದ್ಯಕ್ಕೆ ಒತ್ತಿಕೊಂಡಿರೋದು ಬೇಡ, ನಾಲ್ಕೈದು ಅಡಿ ದೂರ ಇರಲಿ. ಅತಿ ಜೋರಿನ ಏಟಿಗೂ ಮೀಟರ್ ಮೈನಸ್ 10 ಡೆಸಿಬೆಲ್ ಆಸುಪಾಸಲ್ಲೇ ಇರಲಿ. 48 ಕಿಲೋಹರ್ಟ್ಸ್, 24 ಬಿಟ್, ಮೋನೋ ಸಾಕು. ಆ ಲೆಕ್ಕದಲ್ಲಿ ಒಂದು ಸೆಕೆಂಡಿಗೆ 144 ಕಿಲೋಬೈಟ್, ಇಡೀ ಪ್ಯಾಕ್ ಒಂದು ವಾಟ್ಸಾಪ್ ವಿಡಿಯೋ ಗಾತ್ರದಲ್ಲಿ ಮುಗಿಯುತ್ತೆ.

ಈಗ ಕಷ್ಟದ ಪ್ರಶ್ನೆ

1969ರಲ್ಲಿ ದ ವಿನ್‌ಸ್ಟನ್ಸ್ ತಂಡದ ಡ್ರಮ್ಮರ್ ಗ್ರೆಗರಿ ಕೋಲ್ಮನ್ ಒಂದು ಹಾಡಿನ ನಡುವೆ ಆರೇಳು ಸೆಕೆಂಡು ಬಾರಿಸಿದರು. 'ಏಮೆನ್ ಬ್ರೇಕ್' ಅಂತ ಹೆಸರಾದ ಆ ತುಣುಕನ್ನು ಸಾವಿರಾರು ಹಾಡುಗಳಲ್ಲಿ ಬಳಸಿದ್ದಾರೆ, ಡ್ರಮ್ ಆ್ಯಂಡ್ ಬೇಸ್ ಅನ್ನೋ ಪ್ರಕಾರವೇ ಅದರ ಮೇಲೆ ನಿಂತಿದೆ. ಕೋಲ್ಮನ್ 2006ರಲ್ಲಿ ತೀರಿಕೊಂಡಾಗ ಅವರಿಗೆ ಮನೆಯೂ ಇರಲಿಲ್ಲ. ಆ ತುಣುಕಿನಿಂದ ಅವರಿಗೆ ಬಂದ ರಾಯಲ್ಟಿ ಸೊನ್ನೆ.

ನಮ್ಮಲ್ಲಿ ಇದಕ್ಕೆ ಜಾತಿಯ ಮಗ್ಗುಲೂ ಇದೆ. ನಮ್ಮ ಕಡೆ ಹಬ್ಬಕ್ಕೂ ತಮಟೆ, ಸಾವಿಗೂ ತಮಟೆ. ಬಡಿಯುವವರು ಮಾತ್ರ ದಲಿತ ಕೇರಿಯವರು. ಅದು ಬಹಳ ಕಾಲ ಕಲೆ ಅನ್ನಿಸಿಕೊಳ್ಳಲಿಲ್ಲ, ಬಿಟ್ಟಿ ಚಾಕರಿ ಆಗಿತ್ತು. ಬಡಿಯಲ್ಲ ಅಂತ ಹೇಳೋದೇ ಒಂದು ಹೋರಾಟವಾಗಿತ್ತು. ಅದೇ ತಮಟೆಯನ್ನು ಹೋರಾಟದ ವೇದಿಕೆಗೆ ಏರಿಸಿದ್ದೂ ದಲಿತ ಚಳವಳಿಯೇ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ಇಷ್ಟು ದೂರ ನಡೆದು ಬಂದ ಸದ್ದನ್ನು ನಾವು 'ಎಥ್ನಿಕ್ ಇಂಡಿಯನ್ ಪರ್ಕಷನ್' ಅಂತ ಹೆಸರಿಟ್ಟು, ಬಡಿದವರ ಹೆಸರು ಕಿತ್ತುಹಾಕಿ, ಪ್ಯಾಕ್ ಮಾಡಿ ಮಾರಿದರೆ ಬಿಟ್ಟಿ ಚಾಕರಿಗೂ ಇದಕ್ಕೂ ಏನು ವ್ಯತ್ಯಾಸ?

ಕಾನೂನು ಏನು ಹೇಳುತ್ತೆ?

'ಏಳು ಸೆಕೆಂಡಿನೊಳಗೆ ಇದ್ರೆ ಕೇಸ್ ಆಗಲ್ಲ' ಅಂತ ಹುಡುಗರು ಹೇಳ್ತಿರ್ತಾರೆ. ಹಾಗಂತ ಕಾನೂನಿನಲ್ಲಿ ಎಲ್ಲೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತೆ. ಸಾಹಿತ್ಯ, ಸಂಗೀತದ ಹಕ್ಕು ಅದಕ್ಕಿಂತ ಬೇರೆ, ರಚಿಸಿದವರ ಕಾಲಾನಂತರವೂ 60 ವರ್ಷ.

ಜನಪದ ಯಾರ ಸ್ವತ್ತೂ ಅಲ್ಲ, ಸರಿ. ಆದರೆ ಅದನ್ನು ಇವತ್ತು ನುಡಿಸಿದವರಿಗೆ ಹಕ್ಕಿದೆ. ಕಾಯ್ದೆಯ 38ನೇ ಕಲಮು ಪ್ರದರ್ಶಕರ ಹಕ್ಕನ್ನು 50 ವರ್ಷ ಕಾಯುತ್ತೆ. ಪ್ರದರ್ಶಕರು ಯಾರು ಅನ್ನೋ ಪಟ್ಟಿಯಲ್ಲಿ ಗಾಯಕರು, ವಾದಕರ ಜೊತೆ ಹಾವಾಡಿಗರನ್ನೂ ಹೆಸರು ಹೇಳಿ ಸೇರಿಸಿದ್ದಾರೆ. ಹಾಗಿದ್ದಮೇಲೆ ತಮಟೆಯವರು, ಕಂಸಾಳೆಯವರು, ತಂಬೂರಿ ಹಿಡಿದ ನೀಲಗಾರರು ಹೊರಗುಳಿಯೋಕೆ ಸಾಧ್ಯವೇ ಇಲ್ಲ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವಂತಿಲ್ಲ. 2012ರ ತಿದ್ದುಪಡಿ ಇನ್ನೂ ಎರಡು ಮಾತು ಸೇರಿಸಿತು: ಅವರನ್ನು ಹೆಸರಿಸಬೇಕು, ಮರ್ಯಾದೆಗೆ ಕುಂದು ಬರುವಂತೆ ತಿರುಚಬಾರದು.

ಹಕ್ಕು ಎಷ್ಟು ಬಲದ್ದು ಅನ್ನೋದು ಯಾರ ಕೈಲಿದೆ ಅನ್ನೋದರ ಮೇಲೂ ನಿಂತಿದೆ. 2022ರ ನವೆಂಬರಿನಲ್ಲಿ ಭಾರತ್ ಜೋಡೋ ವಿಡಿಯೋಗಳಿಗೆ ಕೆಜಿಎಫ್-2ರ ಹಾಡು ಬಳಸಿದ್ದಕ್ಕೆ ಎಂಆರ್‌ಟಿ ಮ್ಯೂಸಿಕ್ ಮೊಕದ್ದಮೆ ಹೂಡಿತು. ಬೆಂಗಳೂರಿನ ನ್ಯಾಯಾಲಯ ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಾತ್ಕಾಲಿಕವಾಗಿ ತಡೆಯಲು ಆದೇಶಿಸಿತು. ಆ ವಿಡಿಯೋಗಳನ್ನು ತೆಗೆಯಬೇಕು ಅನ್ನುವ ಷರತ್ತಿನ ಮೇಲೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಂಪನಿಯ ಹಾಡಿಗೆ ಹೀಗೆ ರಾತ್ರೋರಾತ್ರಿ ಓಡುವ ಕಾನೂನು, ಕೇರಿಯ ತಮಟೆಯವರಿಗಾಗಿ ಓಡಿದ್ದನ್ನು ನಾನಂತೂ ಕಂಡಿಲ್ಲ. ಅದಕ್ಕೇ ಹಾಡು ಮಾಡುವ ನಾವೇ ಶುರು ಮಾಡಬೇಕು.

ಒಂದು ಹಾಳೆಯ ಒಪ್ಪಂದ

ರೆಕಾರ್ಡಿಂಗ್‌ಗೆ ಮೊದಲು ಕನ್ನಡದಲ್ಲೇ ಒಂದು ಹಾಳೆ ಬರೆದು, ಓದಿ ಹೇಳಿ, ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಅದರಲ್ಲಿ ಇಷ್ಟಿರಲಿ:

- ಯಾರು, ಯಾವ ಊರು, ಯಾವ ವಾದ್ಯ, ಯಾವ ದಿನ.
- ಆ ದಿನದ ಕೂಲಿ ಎಷ್ಟು. ಹಾಡು ಓಡಿದರೆ ಕೊಡೋಣ ಅನ್ನೋದು ಬೇಡ, ಅವತ್ತೇ ಕೊಡಿ.
- ಪ್ಯಾಕ್ ಮಾರಿದರೆ ಅಥವಾ ಹಾಡಿನಿಂದ ದುಡ್ಡು ಬಂದರೆ ಅವರ ಪಾಲು ಎಷ್ಟು.
- ಹೆಸರು ಎಲ್ಲೆಲ್ಲಿ ಹಾಕುತ್ತೀರಿ. ಫೈಲಿನ ಹೆಸರಲ್ಲೂ ಇರಲಿ.
- ಯಾವುದಕ್ಕೆ ಬಳಸಬಾರದು. ಮಸೀದಿ ಮುಂದೆ ಡಿಜೆ ನಿಲ್ಲಿಸಿ ಹಾಕುವ ದ್ವೇಷದ ಹಾಡಿಗೆ ತನ್ನ ತಮಟೆ ಬೇಡ ಅನ್ನುವ ಹಕ್ಕು ಬಡಿದವರಿಗೆ ಇರಬೇಕು.

ಎಚ್.ಡಿ. ಕೋಟೆ, ಹುಣಸೂರು ಕಡೆಯ ಹಾಡಿಗಳಿಗೆ ಹೋಗುವುದಾದರೆ ಇನ್ನೊಂದು ಮಾತು ಕೇಳಿ: ಇದು ಎಲ್ಲರ ಮುಂದೆ ಹಾಡುವ ಹಾಡಾ, ಆಚರಣೆಯದ್ದಾ? ಆಚರಣೆಯದ್ದು ಅಂದರೆ ರೆಕಾರ್ಡರ್ ಆಫ್ ಮಾಡಿ. ಕಾಡಿನಿಂದ ಎಬ್ಬಿಸಿದ ಜನರ ಹತ್ತಿರ ಉಳಿದಿರೋದನ್ನೂ ನಾವು ಹೊತ್ತು ತರೋದು ಬೇಡ.

ಕೈಗೆಟುಕುವ ಸಾಮಾನು

ರೆಕಾರ್ಡ್ ಮಾಡಿ ಕತ್ತರಿಸೋಕೆ ಆಡಾಸಿಟಿ ಉಚಿತ. ಇಡೀ ಹಾಡು ಕಟ್ಟೋಕೆ ಎಲ್‌ಎಂಎಂಎಸ್ ಉಚಿತ, ಮೊಬೈಲಿನಲ್ಲಾದರೆ ಬ್ಯಾಂಡ್‌ಲ್ಯಾಬ್. ಸಿಂಥ್‌ಗೆ ಸರ್ಜ್ ಎಕ್ಸ್‌ಟಿ, ವೈಟಲ್. ಮೂಗ್ ಥರ ವೈರು ಚುಚ್ಚಿ ಕಲಿಯೋಕೆ ವಿಸಿವಿ ರ‍್ಯಾಕ್. ಎಫ್‌ಎಲ್ ಸ್ಟುಡಿಯೋದ ಟ್ರಯಲ್ ಆವೃತ್ತಿಯಲ್ಲಿ ಉಳಿಸಿದ ಕೆಲಸವನ್ನು ಮತ್ತೆ ತೆರೆಯೋಕೆ ಆಗಲ್ಲ, ನೆನಪಿರಲಿ. ಕ್ರ್ಯಾಕ್ ಹಾಕಿಕೊಂಡು ವೈರಸ್ ತರಿಸಿಕೊಳ್ಳೋದಕ್ಕಿಂತ ಈ ಉಚಿತದವೇ ವಾಸಿ. ಸದ್ದುಗಳಿಗೆ ಫ್ರೀಸೌಂಡ್ ತಾಣ ಇದೆ. ಅಲ್ಲಿ ಒಂದೊಂದು ಫೈಲಿಗೂ ಲೈಸೆನ್ಸ್ ಬೇರೆ: ಸಿಸಿ-ಝೀರೋ ಆದರೆ ಹೇಗೆ ಬೇಕಾದರೂ ಬಳಸಿ, 'ಬೈ' ಅಂತಿದ್ದರೆ ಹೆಸರು ಹಾಕಿ, 'ಎನ್‌ಸಿ' ಅಂತಿದ್ದರೆ ವ್ಯಾಪಾರಕ್ಕೆ ಬಳಸಬೇಡಿ.

ದುಡ್ಡು ಖರ್ಚು ಮಾಡಲೇಬೇಕು ಅಂದರೆ ಮೊದಲು ಒಳ್ಳೇ ಹೆಡ್‌ಫೋನು, ಆಮೇಲೆ ಒಂದು ಸಾಧಾರಣ ಮೈಕು, ಆಮೇಲೆ ಪುಟ್ಟ ಮಿಡಿ ಕೀಬೋರ್ಡು. ಸ್ಯಾಂಪಲ್ ಪ್ಯಾಕ್ ಕೊನೆಗೆ. ಲಾಸ್ ಏಂಜಲೀಸಿನಿಂದ ಬಂದ 'ಇಂಡಿಯನ್ ಡ್ರಮ್' ಕೊಳ್ಳುವ ಅದೇ ಹಣ ಪಕ್ಕದ ಬೀದಿಯ ತಮಟೆಯವರ ಒಂದು ದಿನದ ಕೂಲಿಯಾಗುತ್ತೆ. ಸಿಗುವ ಸದ್ದೂ ಬೇರೆ ಯಾರ ಹತ್ತಿರವೂ ಇರಲ್ಲ.